ಹಳೆಯ ಜೇಬುಚಾಕುಗಳ ದುರಸ್ತಿ: ಎಷ್ಟು ಮುಟ್ಟಬೇಕು, ಎಲ್ಲಿ ನಿಲ್ಲಿಸಬೇಕು

ಮಡಚುವ ಜೇಬುಚಾಕು ನೋಡುವುದಕ್ಕೆ ಸಣ್ಣ ವಸ್ತು. ಆದರೆ ಅಲಗು, ಅಲಗಿನ ಬುಡವನ್ನು ಒತ್ತಿ ಹಿಡಿಯುವ ಬೆನ್ನಿನ ಸ್ಪ್ರಿಂಗ್, ಎರಡೂ ಬದಿಯ ಹಿತ್ತಾಳೆ ತಗಡುಗಳು, ಅವುಗಳ ಮೇಲೆ ಕೂರುವ ಹಿಡಿಯ ಪಟ್ಟಿಗಳು, ತುದಿಯಲ್ಲಿರುವ ಬೋಲ್‌ಸ್ಟರ್ ಎಂಬ ಲೋಹದ ಕಟ್ಟು, ಇಷ್ಟನ್ನೂ ಬಿಗಿಯುವ ಕೆಲವೇ ಪಿನ್ನುಗಳು ಒಂದಕ್ಕೊಂದು ಸಂದಿಲ್ಲದಂತೆ ಕೂಡಿಕೊಂಡಾಗ ಮಾತ್ರ ಅದು ಸರಿಯಾಗಿ ತೆರೆದು ಮುಚ್ಚುತ್ತದೆ. ಸ್ಕ್ರೂ ಇಲ್ಲದೆ, ಬೀಗವಿಲ್ಲದೆ, ಕೇವಲ ಸ್ಪ್ರಿಂಗಿನ ಒತ್ತಡದಿಂದ ಅಲಗು ನಿಲ್ಲುವ ಈ ಬಗೆಯನ್ನು ಸ್ಲಿಪ್‌ಜಾಯಿಂಟ್ ಎನ್ನುತ್ತಾರೆ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್, ಅಮೆರಿಕದ ಪೆನ್ಸಿಲ್ವೇನಿಯಾ ಮತ್ತು ನ್ಯೂಯಾರ್ಕ್ ರಾಜ್ಯಗಳ ಕಾರ್ಖಾನೆಗಳಲ್ಲಿ ತಯಾರಾದ ಇಂತಹ ಚಾಕುಗಳನ್ನು ನಾನು ಬಹುಕಾಲದಿಂದ ಸಂಗ್ರಹಿಸುತ್ತ, ಕೆಟ್ಟವುಗಳನ್ನು ನನ್ನ ಕೈಯಿಂದಲೇ ಸರಿಪಡಿಸುತ್ತ ಬಂದಿದ್ದೇನೆ. ಈ ಕೆಲಸದಲ್ಲಿ ನಾನು ಬಿಡದೆ ಪಾಲಿಸುವ ನಿಯಮ ಒಂದೇ: ಒಮ್ಮೆ ಉಜ್ಜಿ ತೆಗೆದ ಲೋಹ ಮರಳಿ ಬರುವುದಿಲ್ಲ, ಆದ್ದರಿಂದ ಚಾಕು ಮತ್ತೆ ಕೆಲಸಕ್ಕೆ ಬರಲು ಎಷ್ಟು ಬೇಕೋ ಅಷ್ಟನ್ನೇ ಮುಟ್ಟಬೇಕು.

ಹಾಗಾಗಿ ಚಾಕು ಕೈಗೆ ಬಂದ ಕೂಡಲೇ ಎಣ್ಣೆ, ಎಮರಿ ಕಾಗದಗಳನ್ನು ಹುಡುಕುವುದಿಲ್ಲ. ಮೊದಲು ಭೂತಗನ್ನಡಿ ಹಿಡಿದು ಓದುತ್ತೇನೆ. ಅಲಗಿನ ಬುಡದಲ್ಲಿ ತಯಾರಕರ ಮುದ್ರೆ ಇರುತ್ತದೆ. ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಕಂಪನಿಯದಾದರೆ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ, ಜಾರ್ಜ್ ವೊಸ್ಟೆನ್‌ಹೋಮ್ ಕಂಪನಿಯದಾದರೆ ಐ ಎಕ್ಸ್ ಎಲ್ ಎಂಬ ಅಕ್ಷರಗಳು, ಸೋಲಿಂಗೆನ್ನಿನ ಹೆಂಕೆಲ್ಸ್ ಆದರೆ 1731ರಲ್ಲಿ ನೋಂದಾಯಿತವಾದ ಅವಳಿಗಳ ಚಿಹ್ನೆ. ಕಾಲ ನಿರ್ಣಯಕ್ಕೂ ಈ ಮುದ್ರೆಯೇ ಆಧಾರ. 1890ರ ಅಮೆರಿಕದ ಸುಂಕ ಕಾಯ್ದೆಯು ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದು ವಿಧಿಸಿದ್ದರಿಂದ, ಶೆಫೀಲ್ಡಿನ ಹೆಸರಿನ ಜೊತೆಗೆ ಇಂಗ್ಲೆಂಡ್ ಎಂಬ ಪದವೂ ಇದ್ದರೆ ಆ ಚಾಕು ಬಹುಮಟ್ಟಿಗೆ 1891ರ ಈಚಿನದು. ಆದರೆ ಆ ಪದ ಇಲ್ಲದ ಮಾತ್ರಕ್ಕೆ ಅದಕ್ಕಿಂತ ಹಳೆಯದೆಂದು ಹೇಳಿಬಿಡಲಾಗದು, ಏಕೆಂದರೆ ಇಂಗ್ಲೆಂಡಿನೊಳಗೇ ಮಾರಾಟವಾಗುವ ಸರಕಿಗೆ ಈ ಕಟ್ಟುಪಾಡು ಇರಲಿಲ್ಲ. ಅಮೆರಿಕದ ಕೇಸ್ ಕಂಪನಿ ಇನ್ನೂ ಅನುಕೂಲ ಮಾಡಿಕೊಟ್ಟಿದೆ. 1970ರಲ್ಲಿ ಮುದ್ರೆಯ ಕೆಳಗೆ ಹತ್ತು ಚುಕ್ಕೆಗಳನ್ನು ಒತ್ತಿ, ಮುಂದೆ ವರ್ಷಕ್ಕೊಂದರಂತೆ ಕಡಿಮೆ ಮಾಡುತ್ತ ಹೋದರು. ಆ ಸಾಲಿನ ಮುದ್ರೆಯಲ್ಲಿ ಏಳು ಚುಕ್ಕೆಗಳಿದ್ದರೆ ಅದು 1973ರ ಚಾಕು. ಅದೇ ಕಂಪನಿಯ ಮಾದರಿ ಸಂಖ್ಯೆಗಳಲ್ಲಿ ಮೊದಲ ಅಂಕಿ ಹಿಡಿಯ ವಸ್ತುವನ್ನೂ ಎರಡನೆಯದು ಅಲಗುಗಳ ಸಂಖ್ಯೆಯನ್ನೂ ಸೂಚಿಸುತ್ತವೆ: 6318 ಎಂದಿದ್ದರೆ ಗೀರು ಕೆತ್ತಿದ ಮೂಳೆಯ ಹಿಡಿ, ಮೂರು ಅಲಗು. ಎಮರಿ ಕಾಗದದ ಎರಡು ಉಜ್ಜಿಗೆ ಈ ಎಲ್ಲ ಸಾಕ್ಷ್ಯವೂ ಅಳಿಸಿಹೋಗಬಹುದು. ಮುದ್ರೆಯಿರುವ ಜಾಗಕ್ಕೆ ನಾನು ಒರಟಾದ ಯಾವುದನ್ನೂ ತಾಗಿಸದಿರುವುದು ಇದೇ ಕಾರಣಕ್ಕೆ.

ಯಾವ ಚಾಕುವನ್ನು ಕೊಳ್ಳಬೇಕು ಎಂಬುದು ಯಾವುದನ್ನು ಸರಿಪಡಿಸಬಹುದು ಎಂಬ ಪ್ರಶ್ನೆಗೇ ಬಂದು ನಿಲ್ಲುತ್ತದೆ. ಮೇಲುತುಕ್ಕು, ಕೊಳೆ, ಒಣಗಿ ಬಿಗಿದ ಕೀಲು, ಮೊಂಡಾದ ಅಂಚು, ಇವು ನನ್ನನ್ನು ಹಿಂಜರಿಸುವುದಿಲ್ಲ. ಸಾಣೆಕಲ್ಲಿಗೆ ಸಿಕ್ಕು ಅರ್ಧ ಅಗಲ ಕಳೆದುಕೊಂಡ ಅಲಗನ್ನು ಮಾತ್ರ ಯಾರೂ ಹಿಂದಿರುಗಿಸಲಾರರು. ಸವೆತವನ್ನು ಅಳೆಯುವುದಕ್ಕೆ ಅಲಗನ್ನು ಮುಚ್ಚಿ, ಅದರ ಮೊನೆ ಹಿಡಿಯೊಳಗೆ ಎಲ್ಲಿಯವರೆಗೆ ತಲಪುತ್ತದೆ ಎಂದೂ, ಉಗುರು ಸಿಕ್ಕಿಸುವ ಗೀರಿಗೂ ಅಂಚಿಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂದೂ ನೋಡಿ, ಅದೇ ಮಾದರಿಯ ಹಳೆಯ ಕ್ಯಾಟಲಾಗ್ ಚಿತ್ರದೊಡನೆ ಹೋಲಿಸುತ್ತೇನೆ. ಅಲಗು ತೆರೆಯುವಾಗಲೂ ಮುಚ್ಚುವಾಗಲೂ ಟಕ್ಕೆಂಬ ಸದ್ದು ಬಂದರೆ ಸ್ಪ್ರಿಂಗ್ ಜೀವಂತವಾಗಿದೆ ಎಂದರ್ಥ. ಸ್ಪ್ರಿಂಗ್ ಮುರಿದಿದ್ದರೆ ಇಡೀ ಚಾಕುವನ್ನು ಬಿಚ್ಚದೆ ಗತಿಯಿಲ್ಲ. ಅಂತಹ ಚಾಕುವನ್ನು ಅತ್ಯಪೂರ್ವವಲ್ಲದ ಹೊರತು ನಾನು ಬಿಟ್ಟುಬಿಡುತ್ತೇನೆ.

ಒಂದು ಚಾಕುವಿನ ಕೆಲಸವನ್ನು ವಿವರವಾಗಿ ಹೇಳುತ್ತೇನೆ. ಅದು ಕಡವೆಯ ಕೊಂಬಿನ ಹಿಡಿಯಿದ್ದ, ಎರಡು ಅಲಗಿನ ರಾಡ್ಜರ್ಸ್ ಚಾಕು. ನನ್ನ ಕೈಸೇರಿದಾಗ ಎರಡೂ ಅಲಗುಗಳು ತುಕ್ಕಿನಿಂದ ಹಿಡಿಯೊಳಗೇ ಅಂಟಿಕೊಂಡಿದ್ದವು. ಇಂತಹ ಚಾಕುವನ್ನು ಇಕ್ಕಳದಿಂದ ಎಳೆದರೆ ಉಗುರಿನ ಗೀರು ಇರುವ ಜಾಗದಲ್ಲಿ ಅಲಗು ಮುರಿಯುತ್ತದೆ, ಇಲ್ಲವೇ ಕೊಂಬು ಪಿನ್ನಿನ ಬಳಿ ಸೀಳುತ್ತದೆ. ನಾನು ಮಾಡಿದ್ದು ಇಷ್ಟು: ಚಾಕುವನ್ನು ತಲೆಕೆಳಗಾಗಿ ನಿಲ್ಲಿಸಿ, ಅಲಗಿನ ಬುಡ ಮತ್ತು ಸ್ಪ್ರಿಂಗ್ ಸೇರುವ ಸಂದಿಗೆ ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸೂಜಿಯ ತುದಿಯಿಂದ ಹನಿಹನಿಯಾಗಿ ಇಳಿಸಿ, ಹಿಡಿಗೆ ಸೋರಿದ್ದನ್ನು ಆಗಲೇ ಒರೆಸಿ, ಕೆಲವು ದಿನ ಹಾಗೆಯೇ ಬಿಟ್ಟೆ. ಆ ನಡುವೆ ಚೂಪಾದ ಬಿದಿರು ಕಡ್ಡಿಯಿಂದ ಅಲಗು ಕೂರುವ ಕಾಲುವೆಯನ್ನು ಕೆರೆಯುತ್ತ ಬಂದೆ. ಬಟ್ಟೆಯ ನವಿರು, ಮಣ್ಣು, ಹೊಗೆಸೊಪ್ಪಿನ ಪುಡಿ ಮತ್ತು ಹಳೆಯ ಜಿಡ್ಡು ಕಲಸಿ ಗಟ್ಟಿಯಾದ ಕಪ್ಪು ಹಿಟ್ಟಿನಂತಹದು ಚೂರುಚೂರಾಗಿ ಹೊರಬಂತು. ಆಮೇಲೆ ಅಲಗಿನ ಬೆನ್ನಿಗೆ ಒಂದು ತುಂಡು ತೊಗಲನ್ನು ಸುತ್ತಿ ಬೆರಳಿನಿಂದಲೇ ಎತ್ತಿದಾಗ ಅದು ಅಕ್ಕಿಕಾಳಿನಷ್ಟು ಕದಲಿತು. ಅಷ್ಟಕ್ಕೆ ಮುಚ್ಚಿ, ಮತ್ತೆ ಎಣ್ಣೆ ಬಿಟ್ಟೆ. ಹೀಗೆ ಸ್ವಲ್ಪ ತೆರೆದು, ಮುಚ್ಚಿ, ಕೀಲಿನಿಂದ ಹೊರಬರುವ ಕೆಂಗಂದು ರಸವನ್ನು ಒರೆಸಿ, ಎಣ್ಣೆ ತಿಳಿಯಾಗಿ ಬರುವವರೆಗೂ ಮುಂದುವರಿಸಿದ ಮೇಲೆ ದೊಡ್ಡ ಅಲಗು ಪೂರ್ತಿ ತೆರೆದುಕೊಂಡಿತು. ಬುಡದ ತುಕ್ಕನ್ನು ಎಣ್ಣೆಯಲ್ಲಿ ನೆನೆಸಿದ ಕಡ್ಡಿಯಿಂದ ತಿಕ್ಕಿದಾಗ ವಿ ಮತ್ತು ಆರ್ ಅಕ್ಷರಗಳೂ ಅವುಗಳ ನಡುವಿನ ಕಿರೀಟವೂ ಕಾಣಿಸಿಕೊಂಡವು. ಅದು 1837ರಿಂದ 1901ರವರೆಗೆ ಆಳಿದ ವಿಕ್ಟೋರಿಯಾ ರಾಣಿಯ ಕಾಲದ ಗುರುತು. ಅವಸರಕ್ಕೆ ಎಮರಿ ಕಾಗದ ಬಳಸಿದ್ದರೆ ಆ ಕಿರೀಟ ಮಂಕಾಗಿಬಿಡುತ್ತಿತ್ತು.

ಅಲಗನ್ನು ಶುಚಿಗೊಳಿಸುವಾಗ ಕೆಂಪು ತುಕ್ಕನ್ನೂ ಕಪ್ಪುಬೂದು ಪದರವನ್ನೂ ಬೇರೆ ಬೇರೆಯಾಗಿ ನೋಡಬೇಕು. ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲಿ ಕ್ರೋಮಿಯಂ ಬೆರೆತ ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದದ್ದು 1913ರಲ್ಲಿ. ಅದಕ್ಕೂ ಮೊದಲಿನ ಅಲಗುಗಳೆಲ್ಲ ಕಾರ್ಬನ್ ಉಕ್ಕಿನವು, ಆಮೇಲೆಯೂ ದಶಕಗಳವರೆಗೆ ಹೆಚ್ಚಿನವು ಅದರವೇ. ಈ ಉಕ್ಕಿನ ಮೇಲೆ ಬಳಕೆಯಿಂದ ಕೂರುವ ಬೂದು, ನೀಲಿ, ಕಪ್ಪು ಛಾಯೆಯ ಪದರ ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡಿದ್ದು ಮುಂದಿನ ತುಕ್ಕನ್ನು ಒಂದಿಷ್ಟು ತಡೆಯುತ್ತದೆ. ಕೆಂಪು ತುಕ್ಕು ಹಾಗಲ್ಲ; ಅದು ಪುಡಿಪುಡಿಯಾಗಿದ್ದು ತೇವವನ್ನು ಹಿಡಿದಿಟ್ಟುಕೊಂಡು ಅಡಿಯ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಕೆಂಪು ಹೋಗಬೇಕು, ಕಪ್ಪು ಉಳಿಯಬೇಕು. ಇದಕ್ಕೆ ನಾನು ಮೊದಲು ಕ್ಷೌರದ ಬ್ಲೇಡನ್ನು ಬಹುತೇಕ ಮಲಗಿಸಿ ಹಿಡಿದು, ಎಣ್ಣೆ ಸವರಿದ ಅಲಗಿನ ಮೇಲೆ ತಳ್ಳುತ್ತೇನೆ. ಉಬ್ಬಿದ ತುಕ್ಕಿನ ಗುಳ್ಳೆಗಳು ಎಗರಿಹೋಗುತ್ತವೆ, ನಯವಾದ ಜಾಗಕ್ಕೆ ಏನೂ ಆಗುವುದಿಲ್ಲ. ಉಳಿದದ್ದಕ್ಕೆ ನಾಲ್ಕು ಸೊನ್ನೆಯ ನಂಬರಿನ ಅತಿ ನಯವಾದ ಸ್ಟೀಲ್ ವೂಲ್ ಮತ್ತು ಎಣ್ಣೆ ಸಾಕು. ತುಕ್ಕು ಕೊರೆದ ಕುಳಿಗಳನ್ನು ಹಾಗೆಯೇ ಬಿಡುತ್ತೇನೆ, ಏಕೆಂದರೆ ಕುಳಿ ಮಾಯವಾಗಬೇಕಾದರೆ ಸುತ್ತಲಿನ ಲೋಹವೆಲ್ಲ ಅದರ ಆಳಕ್ಕೆ ಇಳಿಯಬೇಕು. ಅಲಗಿನ ಮೇಲೆ ಆಮ್ಲದಿಂದ ಬರೆದ ಹೆಸರು ಅಥವಾ ಚಿತ್ರವಿದ್ದರೆ ಪಾಲಿಶ್ ಪೇಸ್ಟನ್ನು ಅದರ ಹತ್ತಿರಕ್ಕೂ ತರುವುದಿಲ್ಲ. ಆ ಬರಹಕ್ಕೆ ಆಳವೇ ಇರುವುದಿಲ್ಲ.

ಮೋಟಾರಿನ ಬಫಿಂಗ್ ಚಕ್ರದ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು. ಹಳೆಯ ಚಾಕುಗಳನ್ನು ತುಕ್ಕಿಗಿಂತ ಹೆಚ್ಚಾಗಿ ಹಾಳುಮಾಡಿರುವುದು ಅದೇ ಎಂದು ನಾನು ನಂಬುತ್ತೇನೆ. ಚಕ್ರಕ್ಕೆ ತಾಗಿಸಿದ ಅಲಗಿನ ಏಣುಗಳು ದುಂಡಗಾಗುತ್ತವೆ, ಮುದ್ರೆ ಕರಗುತ್ತದೆ, ಬೋಲ್‌ಸ್ಟರಿನ ಅಂಚು ಹಿಡಿಗಿಂತ ತಗ್ಗುತ್ತದೆ. ಇನ್ನೊಂದು ಅಪಾಯ ಬಿಸಿಯದು. ತೆಳ್ಳಗಿನ ಅಂಚು ಕ್ಷಣದಲ್ಲಿ ಕಾಯುತ್ತದೆ. ಉಕ್ಕು ಹುಲ್ಲಿನ ಬಣ್ಣಕ್ಕೆ ತಿರುಗಿದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಎಂದೂ, ನೀಲಿಗೆ ತಿರುಗಿದರೆ 300ರ ಆಸುಪಾಸಿಗೆ ಹೋಗಿದೆ ಎಂದೂ ತಿಳಿಯಬೇಕು. ನೀಲಿಗೆ ತಿರುಗಿದ ಮೇಲೆ ಆ ಜಾಗದ ಹದ ಹೋಯಿತು, ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲುವುದಿಲ್ಲ.

ಹಿಡಿಯ ವಿಷಯದಲ್ಲಿ ಒಂದೊಂದು ವಸ್ತುವಿಗೂ ಒಂದೊಂದು ಬಗೆಯ ಆರೈಕೆ ಬೇಕು. ದನದ ಮೂಳೆ ಮತ್ತು ಕಡವೆಯ ಕೊಂಬು ಒಣಗಿದಂತೆ ಕುಗ್ಗಿ, ಕದಲದ ಪಿನ್ನಿನಿಂದ ಕೂದಲೆಳೆಯ ಬಿರುಕು ಹೊರಡುತ್ತದೆ. ನೀರಿನಲ್ಲಿ ನೆನೆಸಿದರೆ ಹಿಗ್ಗಿ, ಮತ್ತೆ ಒಣಗಿ ಇನ್ನಷ್ಟು ಬಿರಿಯುತ್ತವೆ. ಆದ್ದರಿಂದ ಒದ್ದೆ ಬಟ್ಟೆಯಿಂದ ಒರೆಸಿ, ತೀರ ತೆಳುವಾಗಿ ಮಿನರಲ್ ಎಣ್ಣೆ ಸವರಿ, ಅರ್ಧ ದಿನದ ನಂತರ ಪೂರ್ತಿ ಒರೆಸಿಬಿಡುತ್ತೇನೆ. ಮುತ್ತಿನ ಚಿಪ್ಪಿಗೆ ಆಮ್ಲ ಆಗದು, ವಿನೆಗರ್ ಹನಿಯೂ ಅದರ ಹೊಳಪನ್ನು ತಿನ್ನುತ್ತದೆ. ಮೂಳೆ ಅಥವಾ ಚಿಪ್ಪನ್ನು ಉಜ್ಜಲೇಬೇಕಾದಾಗ ನೀರು ಹಾಕಿಕೊಂಡು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡೇ ಉಜ್ಜುತ್ತೇನೆ. ಆ ಧೂಳು ಶ್ವಾಸಕೋಶಕ್ಕೆ ಕೆಡುಕು. ದಂತದ ಹಿಡಿಯವನ್ನು ನಾನು ಕೊಳ್ಳುವುದೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಸೆಲ್ಯುಲಾಯ್ಡ್ ಹಿಡಿಗೆ. ಆಮೆಯ ಚಿಪ್ಪು, ಮುತ್ತು, ದಂತಗಳನ್ನು ಹೋಲುವಂತೆ ಮಾಡಿದ ಈ ವಸ್ತು ಬಹಳ ಸುಂದರವಾದದ್ದು. ಇದು ನೈಟ್ರೋಸೆಲ್ಯುಲೋಸ್ ಮತ್ತು ಕರ್ಪೂರದ ಮಿಶ್ರಣ. ಹಳತಾದಂತೆ ಒಡೆಯತೊಡಗಿ ಸಾರಜನಕದ ಆಕ್ಸೈಡುಗಳನ್ನು ಬಿಡುತ್ತದೆ. ಗಾಳಿಯ ತೇವದೊಡನೆ ಅವು ನೈಟ್ರಿಕ್ ಆಮ್ಲವಾಗಿ, ಆ ಚಾಕುವಿನ ಅಲಗನ್ನಷ್ಟೇ ಅಲ್ಲದೆ ಅದೇ ಪೆಟ್ಟಿಗೆಯ ನೆರೆಯ ಚಾಕುಗಳನ್ನೂ ತಿನ್ನುತ್ತವೆ. ಒಣ ಜಾಗದಲ್ಲಿಟ್ಟರೂ ಅಲಗಿನ ಹಿಡಿಯೊಳಗಿನ ಭಾಗಕ್ಕೆ ಮಾತ್ರ ತುಕ್ಕು ಬರುವುದು, ಹಿತ್ತಾಳೆ ತಗಡಿನಲ್ಲಿ ಹಸಿರು ಕಿಲುಬು ಏಳುವುದು, ಹಿಡಿಯ ಮೇಲೆ ಜೇಡನ ಬಲೆಯಂತಹ ಗೀರು ಮೂಡುವುದು ಇದರ ಲಕ್ಷಣಗಳು. ಇಂತಹವನ್ನು ನಾನು ಬೇರೆಯಾಗಿ, ಗಾಳಿಯಾಡುವ ತಂಪು ಜಾಗದಲ್ಲಿ ಇಡುತ್ತೇನೆ. ಅದು ಬೆಂಕಿಗೆ ತಟ್ಟನೆ ಹತ್ತಿಕೊಳ್ಳುವ ವಸ್ತುವಾದ್ದರಿಂದ ಬಿಸಿಗಾಳಿ, ಬೆಸುಗೆ, ಮೋಟಾರು ಯಾವುದನ್ನೂ ಅದರ ಹತ್ತಿರ ಬಳಸುವುದಿಲ್ಲ.

ಅಲಗು ಅತ್ತಿತ್ತ ಅಲ್ಲಾಡುವುದು ಸಾಮಾನ್ಯ ದೋಷ. ಬೋಲ್‌ಸ್ಟರಿನ ಮೂಲಕ ಹಾದುಹೋಗುವ ಕೀಲಿನ ಪಿನ್ ನಯಗೊಳಿಸಿದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಬಾಯುಸಿರು ಬಿಟ್ಟು ಆವಿ ಕಟ್ಟಿಸಿದರೆ ಅದರ ವೃತ್ತ ಒಮ್ಮೊಮ್ಮೆ ಗೋಚರಿಸುತ್ತದೆ. ಅಲಗಿನ ಬುಡಕ್ಕೂ ತಗಡಿಗೂ ನಡುವೆ ತೆಳು ಹಿತ್ತಾಳೆಯ ಚೂರೊಂದನ್ನು ಸಿಕ್ಕಿಸಿ, ಬೋಲ್‌ಸ್ಟರನ್ನು ಅಡಿಗಲ್ಲಿನ ಮೇಲಿಟ್ಟು, ಪಿನ್ನಿನ ತಲೆಗೆ ದುಂಡುಮೂತಿಯ ಪುಟ್ಟ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಪಿನ್ ಅಗಲವಾಗಿ ಕೀಲು ಬಿಗಿಯುತ್ತದೆ. ಒಂದೆರಡು ಏಟಿಗೊಮ್ಮೆ ಚೂರನ್ನು ತೆಗೆದು ಅಲಗನ್ನು ಆಡಿಸಿ ನೋಡಬೇಕು. ಮುಚ್ಚಿದಾಗ ಮೊನೆ ಹಿಡಿಯಿಂದ ಹೊರಗೆ ಇಣುಕುವ ಚಾಕುಗಳಿಗೆ ಮದ್ದು ಬೇರೆ. ಅಲಗಿನ ಬುಡದ ಅಂಚಿನ ಕಡೆ ಸ್ಪ್ರಿಂಗಿಗೆ ತಾಗಿ ನಿಲ್ಲುವ ಸಣ್ಣ ಉಬ್ಬೊಂದಿದೆ, ಅದನ್ನು ಅರದಿಂದ ಒಂದಿಷ್ಟೇ ಇಳಿಸಿದರೆ ಅಲಗು ಒಳಗೆ ಕೂರುತ್ತದೆ. ಹೆಚ್ಚು ಇಳಿಸಿದರೆ ಅಂಚೇ ಸ್ಪ್ರಿಂಗಿಗೆ ಬಡಿಯುತ್ತದೆ.

ಪೂರ್ತಿ ಬಿಚ್ಚುವ ಕೆಲಸವನ್ನು ನಾನು ಕೊನೆಯ ದಾರಿಯಾಗಿ ಮಾತ್ರ ಹಿಡಿಯುತ್ತೇನೆ. ಹಳೆಯ ಪಿನ್ನುಗಳನ್ನು ಹೊರದೂಡಿದ ಮೇಲೆ ಅದೇ ದಪ್ಪದ ನಿಕಲ್ ಸಿಲ್ವರ್ ಅಥವಾ ಹಿತ್ತಾಳೆಯ ತಂತಿಯನ್ನು ಹಾಕಿ ತಲೆ ಬಡಿಯಬೇಕು. ನಿಕಲ್ ಸಿಲ್ವರ್ ಎಂದರೆ ತಾಮ್ರ, ನಿಕಲ್, ಸತುವಿನ ಮಿಶ್ರಲೋಹ. ಬೋಲ್‌ಸ್ಟರ್ ಕೂಡ ಅದರದ್ದೇ ಆಗಿದ್ದರೆ ಪಿನ್ ಅದರಲ್ಲಿ ಕರಗಿದಂತೆ ಸೇರುತ್ತದೆ.

ಹರಿತ ಮಾಡುವಾಗ ಒಂದು ಬದಿಗೆ ಸುಮಾರು 15 ಡಿಗ್ರಿ ಕೋನ ಈ ತೆಳು ಅಲಗುಗಳಿಗೆ ಒಪ್ಪುತ್ತದೆ. ಅಂಚು ಮುಕ್ಕಾಗಿಲ್ಲದಿದ್ದರೆ 1000 ನಂಬರಿನ ಸಾಣೆಕಲ್ಲಿನಿಂದಲೇ (ನಂಬರು ಹೆಚ್ಚಿದಷ್ಟೂ ಕಲ್ಲು ನಯ) ಆರಂಭಿಸಿ, 3000ಕ್ಕೆ ಹೋಗಿ, ಕ್ರೋಮಿಯಂ ಆಕ್ಸೈಡ್ ಸವರಿದ ತೊಗಲಿನ ಮೇಲೆ ಎಳೆದು ಮುಗಿಸುತ್ತೇನೆ. ಎಂದೂ ಮಸೆಯದ, ಕಾರ್ಖಾನೆಯ ಅಂಚೇ ಉಳಿದಿರುವ ಚಾಕು ಸಿಕ್ಕಿದರೆ ಅದನ್ನು ಕಲ್ಲಿಗೆ ತಾಗಿಸುವುದಿಲ್ಲ.

ಸರಿಪಡಿಸಲು ಕಲಿತವನಿಗೆ ನಕಲಿಯೂ ಬೇಗ ಕಾಣಿಸುತ್ತದೆ. ಅಲಗು ಹೊಸದಾಗಿದ್ದು ತಗಡಿನ ಒಳಬದಿ ಸವೆದಿದ್ದರೆ ಅಲಗು ಬೇರೆ ಚಾಕುವಿನದು. ಕೊಳೆಗಟ್ಟಿದ ಹಿಡಿಯಲ್ಲಿ ಪಿನ್ನುಗಳು ಮಾತ್ರ ಹೊಳೆಯುತ್ತಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿದ್ದರಲ್ಲಿ ತಪ್ಪಿಲ್ಲ, ಬಿಚ್ಚಿದ್ದನ್ನು ಮುಚ್ಚಿಟ್ಟು ಮಾರುವುದು ತಪ್ಪು. ನಾನು ದುರಸ್ತಿ ಮಾಡಿದ ಪ್ರತಿ ಚಾಕುವಿನ ಜೊತೆಗೂ ಏನನ್ನು ಬದಲಿಸಿದೆ, ಯಾವ ಎಣ್ಣೆ ಬಳಸಿದೆ, ಮೊದಲಿನ ಸ್ಥಿತಿ ಹೇಗಿತ್ತು ಎಂದು ಬರೆದ ಚೀಟಿಯನ್ನೂ, ತೆಗೆದ ಹಳೆಯ ಪಿನ್ನುಗಳನ್ನೂ ಇಡುತ್ತೇನೆ. ಚಾಕುವನ್ನು ಇನ್ನೊಬ್ಬರಿಗೆ ಕೊಟ್ಟರೆ ಅವೂ ಜೊತೆಗೆ ಹೋಗುತ್ತವೆ. ತೊಗಲಿನ ಚೀಲದಲ್ಲಿ ಯಾವುದನ್ನೂ ಇಡುವುದಿಲ್ಲ, ಏಕೆಂದರೆ ತೊಗಲು ತೇವವನ್ನು ಹೀರುತ್ತದೆ, ಅದನ್ನು ಹದಮಾಡಲು ಬಳಸಿದ ರಾಸಾಯನಿಕಗಳು ಅದರಲ್ಲಿ ಉಳಿದಿದ್ದು ಉಕ್ಕಿಗೆ ತುಕ್ಕು ಹಿಡಿಸುತ್ತವೆ. ಅಲಗಿಗೆ ತೆಳುವಾಗಿ ಮೈಕ್ರೋಕ್ರಿಸ್ಟಲೈನ್ ಮೇಣ ಸವರಿ, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವಿರುವ ಮರದ ಖಾನೆಯಲ್ಲಿ ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಮಲಗಿಸುತ್ತೇನೆ. ಮಳೆಗಾಲದಲ್ಲಿ ಮಾತ್ರ ಪದೇ ಪದೇ ಹೊರತೆಗೆದು ಬುಡದ ಸಂದಿಗಳನ್ನು ನೋಡುತ್ತಿರಬೇಕು. ಹೊಸ ತುಕ್ಕು ಯಾವಾಗಲೂ ಅಲ್ಲಿಂದಲೇ ಶುರುವಾಗುತ್ತದೆ.