ಕಾಫಿ ತೋಟದಲ್ಲಿ ಕ್ಯಾಮೆರಾ ಟ್ರ್ಯಾಪ್ ಕಟ್ಟುವುದು ಹೇಗೆ

ಕ್ಯಾಮೆರಾ ಟ್ರ್ಯಾಪ್ ಎಂದರೆ ಪ್ರಾಣಿ ಹಾದುಹೋದಾಗ ತಾನೇ ಚಿತ್ರ ತೆಗೆಯುವ, ಮರಕ್ಕೆ ಕಟ್ಟುವ ಕ್ಯಾಮೆರಾ. ಅದನ್ನು ಕಟ್ಟಲು ಮರ ಹುಡುಕುವ ಮೊದಲು ನೆಲ ನೋಡಿ. ಪ್ರಾಣಿಗಳು ದಿನಾ ಹೊಸ ದಾರಿ ಮಾಡುವುದಿಲ್ಲ. ಬೇಲಿ ಸಡಿಲಾದ ಜಾಗ, ತೋಡು ದಾಟುವ ತಗ್ಗು, ಗದ್ದೆಯ ಅಂಚು, ಬಾಣೆಯಿಂದ (ಹುಲ್ಲು, ಮರಗಳಿರುವ ಎತ್ತರದ ಜಾಗ) ತೋಟಕ್ಕೆ ಇಳಿಯುವ ಸವೆದ ಜಾಡು: ಓಡಾಟ ಹೆಚ್ಚಾಗಿ ಇಲ್ಲೇ. ಮಳೆ ನಿಂತ ಮರುದಿನ ಬೆಳಿಗ್ಗೆ ಹೋದರೆ ಗೊರಸಿನ ಗುರುತು ಚೆನ್ನಾಗಿ ಸಿಗುತ್ತದೆ. ಕಡವೆಯದು ದೊಡ್ಡದು; ಕಾಡುಕುರಿಯದು (ಬೊಗಳುವ ಸಣ್ಣ ಜಿಂಕೆ) ಪುಟ್ಟದು, ಚೂಪು. ಅದೇ ಜಾಡಿನಲ್ಲಿ ಹಿಕ್ಕೆಯೂ ಕಂಡರೆ ಅಲ್ಲೇ ಕಟ್ಟಿ.

ಈ ಕ್ಯಾಮೆರಾಗಳ ಪಿಐಆರ್ (ಬಿಸಿ ಗುರುತಿಸುವ) ಸೆನ್ಸರ್‌ಗೆ ಪ್ರಾಣಿಯ ಆಕಾರ ಗೊತ್ತಾಗುವುದಿಲ್ಲ. ಹಿನ್ನೆಲೆಗಿಂತ ಬೇರೆ ಬಿಸಿಯಿರುವ ಏನಾದರೂ ತನ್ನ ಮುಂದೆ ಅಡ್ಡ ಸರಿದರೆ ಅದು ಎಚ್ಚರಗೊಳ್ಳುತ್ತದೆ, ಅಷ್ಟೆ. ಎಲ್ಲಿಗೆ, ಎಷ್ಟು ಓರೆಗೆ ಕಟ್ಟಬೇಕೆಂಬುದು ಇದರಿಂದಲೇ ತೀರ್ಮಾನವಾಗುತ್ತದೆ. ಜಾಡಿಗೆ ನೇರ ಅಡ್ಡಲಾಗಿಟ್ಟರೆ ಸೆನ್ಸರ್ ಬೇಗ ಹಿಡಿಯುತ್ತದೆ, ಆದರೆ ಶಟರ್ ಬೀಳುವಷ್ಟರಲ್ಲಿ ಕಡವೆ ದಾಟಿ ಬಾಲ ಮಾತ್ರ ಉಳಿಯುತ್ತದೆ. ಜಾಡಿನ ಉದ್ದಕ್ಕೆ ಮುಖ ಮಾಡಿಟ್ಟರೆ ನೇರ ಎದುರು ಬರುವ ಪ್ರಾಣಿಯನ್ನು ಸೆನ್ಸರ್ ತಡವಾಗಿ ಗುರುತಿಸುತ್ತದೆ. ಆದ್ದರಿಂದ ಸುಮಾರು 45 ಡಿಗ್ರಿ ಓರೆ, ಜಾಡಿನಿಂದ 3ರಿಂದ 5 ಮೀಟರ್ ದೂರ. ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ಪೂರ್ವ, ಪಶ್ಚಿಮಕ್ಕಿದ್ದರೆ ಬೆಳಗಿನ ಮತ್ತು ಸಂಜೆಯ ಬಿಸಿಲು ಲೆನ್ಸಿಗೆ ನೇರ ಹೊಡೆಯುತ್ತದೆ.

ಎತ್ತರದಲ್ಲಿ ತಪ್ಪುವವರೇ ಹೆಚ್ಚು. ಎದೆಮಟ್ಟಕ್ಕೆ ಕಟ್ಟಿದರೆ ಕಾಡುಕುರಿಯ ಬೆನ್ನು ಮಾತ್ರ ಬರುತ್ತದೆ. ಮೊಲದ ಗಾತ್ರದ ಪುಟ್ಟ ಜಿಂಕೆ ಬರಿಂಕ ಚೌಕಟ್ಟಿಗೇ ಬರುವುದಿಲ್ಲ. ಕಾಡುಕುರಿ, ಪುನುಗು ಬೆಕ್ಕು, ಮುಳ್ಳುಹಂದಿಗೆ ನೆಲದಿಂದ 40–50 ಸೆಂ.ಮೀ. ಸಾಕು. ಕಡವೆಗೆ 80–90. ಇಳಿಜಾರಿನಲ್ಲಿ ಈ ಲೆಕ್ಕವನ್ನು ಮರದ ಬುಡದಿಂದ ಹಿಡಿಯಬೇಡಿ, ಪ್ರಾಣಿ ನಡೆಯುವ ನೆಲದಿಂದ ಹಿಡಿಯಿರಿ. ಬೇಕಿದ್ದರೆ ಹಿಂದೆ ಒಂದು ಕಡ್ಡಿ ಸಿಕ್ಕಿಸಿ ಕೆಳಕ್ಕೆ ಓರೆ ಮಾಡಿ.

ತೋಟದ ನೆರಳಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಬಳ್ಳಿಯ ಮೇಲೆ ಪಟ್ಟಿ ಬಿಗಿಯಬೇಡಿ: ಬಳ್ಳಿಗೂ ಪೆಟ್ಟು, ಗಾಳಿಗಾಡುವ ಎಲೆಯಿಂದ ಕಾರ್ಡಿನ ತುಂಬ ಖಾಲಿ ಚಿತ್ರ. ಬೋಳು ಕಾಂಡದ ಸಿಲ್ವರ್ ಓಕ್ ಸಿಕ್ಕರೆ ಒಳ್ಳೆಯದು. ಗಾಳಿಗೆ ತೂಗುವ ಎಳೆಮರ ಬೇಡ. ಮುಂದಿನ 2 ಮೀಟರಿನೊಳಗೆ ಚಾಚಿದ ಕಾಫಿ ಗಿಡದ ರೆಕ್ಕೆ (ಅಡ್ಡಕೊಂಬೆ), ಹುಲ್ಲು, ಜರಿಗಿಡ ಸರಿಸಿ. ಹತ್ತಿರದ ಒಂದೇ ಎಲೆ ಸಾಕು, ರಾತ್ರಿ ಇನ್‌ಫ್ರಾರೆಡ್ ಬೆಳಕು ಅದಕ್ಕೆ ಬಡಿದು ಎಲೆ ಬೆಳ್ಳಗೆ ಹೊಳೆಯುತ್ತದೆ, ಹಿಂದಿನ ಪ್ರಾಣಿ ಕಪ್ಪಾಗುತ್ತದೆ. ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ದಿನಗಳಲ್ಲಿ ಜೆಟ್ ತಲುಪುವ ಅಳತೆಯಿಂದ ಕ್ಯಾಮೆರಾ ಹೊರಗಿರಲಿ.

ಸೆಟ್ಟಿಂಗ್ ವಿಚಾರ ಸರಳ. ಒಂದು ಸಲಕ್ಕೆ 3 ಚಿತ್ರ, ನಡುವಿನ ಬಿಡುವು ಆದಷ್ಟು ಕಡಿಮೆ. ತಾರೀಕು, ಸಮಯ ಸರಿಯಿರಲಿ. 32 ಜಿಬಿ ಕಾರ್ಡನ್ನು ಅದೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ. ಸಾಮಾನ್ಯ ಆಲ್ಕಲೈನ್ ಸೆಲ್ ಖಾಲಿಯಾಗುತ್ತಾ ಬಂದಂತೆ ವೋಲ್ಟೇಜ್ ಇಳಿದು ಮೊದಲು ರಾತ್ರಿಯ ಚಿತ್ರ ಮಂಕಾಗುತ್ತದೆ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಅಥವಾ ಲಿಥಿಯಂ ಸೆಲ್ ಬಳಸಿ, ಹಳತು ಹೊಸತು ಬೆರೆಸಬೇಡಿ. ರಾತ್ರಿಯ ಇನ್‌ಫ್ರಾರೆಡ್ ದೀಪದಲ್ಲಿ ಎರಡು ಬಗೆ: 850 ನ್ಯಾನೋಮೀಟರ್ ತರಂಗದ ದೀಪ ದೂರಕ್ಕೆ ಬೀಳುತ್ತದೆ ಆದರೆ ಮಂದ ಕೆಂಪು ಕಾಣುತ್ತದೆ; 940 ಕಣ್ಣಿಗೆ ಬೀಳದು. ಕಳವಿನ ಭಯವಿರುವಲ್ಲಿ 940 ವಾಸಿ. ಕಟ್ಟಿದ ಮೇಲೆ ಟೆಸ್ಟ್ ಮೋಡಿನಲ್ಲಿಟ್ಟು ಜಾಡಿನ ಮೇಲೆ ಬಗ್ಗಿ ನಡೆದು ನೋಡದೆ ಮನೆಗೆ ಬರಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಬೇಕೇ ಬೇಕು, ಪ್ರತಿ ಸಲ ಬದಲಿಸಿ. ಮುಚ್ಚುವಾಗ ರಬ್ಬರ್ ಅಂಚಿನಲ್ಲಿ ಒಂದು ಮಣ್ಣಿನ ಕಣವಿದ್ದರೂ ನೀರು ಒಳಗಿಳಿಯುತ್ತದೆ. ಮೇಲೆ ಅಡಿಕೆ ಹಾಳೆ ಮರೆ ಕಟ್ಟಬಹುದು, ಅದು ದೀಪದ ಮುಂದಕ್ಕೆ ಇಳಿಬೀಳದಂತೆ ಕತ್ತರಿಸಿ. ಇರುವೆ ಗೂಡು ಕಟ್ಟುವ ತೂತುಗಳಿಗೆ ಟೇಪ್ ಹಚ್ಚಿ. ಜಿಗಣೆಗೆಂದು ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡ ಕೈಯಲ್ಲಿ ಲೆನ್ಸ್ ಮುಟ್ಟಬೇಡಿ.

ಉಪ್ಪು, ಹಣ್ಣು ಇಟ್ಟು ಪ್ರಾಣಿಗಳನ್ನು ಕರೆಯುವುದು ಬೇಡವೇ ಬೇಡ. ಹಲಸು ಇಟ್ಟರೆ ಬರುವುದು ಆನೆ, ಕೆಲಸದವರು ಬೆಳಿಗ್ಗೆ ಓಡಾಡುವ ದಾರಿಗೆ. ಹಲಸು ಮಾಗುವ ಕಾಲದಲ್ಲಿ ಆ ಮರಗಳ ಹತ್ತಿರದ ಕ್ಯಾಮೆರಾವನ್ನೂ ತೆಗೆದುಬಿಡಿ. ಆನೆ ಕಿತ್ತು ತುಳಿಯುತ್ತದೆ. ಲೈನ್‌ಮನೆಯ (ಕೆಲಸದವರ ಸಾಲುಮನೆ) ದಾರಿ, ಜನ ಸ್ನಾನ ಮಾಡುವ ತೋಡಿನ ಕಡೆ ಲೆನ್ಸ್ ತಿರುಗಿರಬಾರದು. ಎಲ್ಲಿ ಕಟ್ಟಿದ್ದೀರಿ ಎಂದು ಕೆಲಸದವರಿಗೂ ಪಕ್ಕದ ತೋಟದವರಿಗೂ ಹೇಳಿ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿಯಂಥ ಸಂರಕ್ಷಿತ ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ದೇವರಕಾಡಿನಲ್ಲಾದರೆ ಊರಿನವರನ್ನೂ ಕೇಳಬೇಕು.

ಎರಡು ವಾರ ಬಿಟ್ಟು ಹಗಲು ಹೊತ್ತಿನಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ ಕಾರ್ಡ್ ಬದಲಿಸಿ. ಚಿತ್ರಗಳೇ ದೋಷ ಹೇಳುತ್ತವೆ. ಬರೀ ಬಾಲಗಳಿದ್ದರೆ ಕ್ಯಾಮೆರಾವನ್ನು ಜಾಡಿನ ಉದ್ದದ ಕಡೆಗೆ ಇನ್ನಷ್ಟು ಓರೆ ಮಾಡಿ. ನಡುಹಗಲಿನ ಖಾಲಿ ಚಿತ್ರ ರಾಶಿಯಿದ್ದರೆ ಎಲೆ ಮೇಲೆ ಬಿಸಿಲು ಬೀಳುತ್ತಿದೆ. ಪ್ರಾಣಿಯ ಮುಖವೆಲ್ಲ ಬೆಳ್ಳಗಾಗಿದ್ದರೆ ಜಾಡಿನಿಂದ ಒಂದು ಮೀಟರ್ ಹಿಂದೆ ಸರಿಸಿ. ನೆಲದಲ್ಲಿ ಹೊಸ ಹೆಜ್ಜೆಯಿದ್ದೂ ಕಾರ್ಡ್ ಖಾಲಿಯಿದ್ದರೆ ಕ್ಯಾಮೆರಾ ಮೇಲಕ್ಕೆ ನೋಡುತ್ತಿರುವ ಸಾಧ್ಯತೆ ಹೆಚ್ಚು. ಮೊದಲು ಅದನ್ನು ಇಳಿಸಿ, ಆಮೇಲೆ ಸೆಲ್ ಪರೀಕ್ಷಿಸಿ.