ಎಬ್ಬಿಸದ ದನಿ: ಮೊಬೈಲ್ ಆ್ಯಪ್‌ನಿಂದ ಅರಿವಿನ ಕನಸು, ಘಟ್ಟದ ಮೇಲೂ ಕೆಳಗೂ

ಕನಸು ನಡೆಯುತ್ತಿರುವಾಗಲೇ ‘ಇದು ಕನಸು’ ಎಂದು ಗೊತ್ತಾಗುವುದಕ್ಕೆ ಲೂಸಿಡ್ ಡ್ರೀಮ್ ಎನ್ನುತ್ತಾರೆ. ನಾನು ಅರಿವಿನ ಕನಸು ಎಂದು ಬರೆಯುತ್ತೇನೆ. ಇದರಲ್ಲಿ ಮೊಬೈಲ್ ಆ್ಯಪ್‌ನ ಪಾಲಿನ ಕೆಲಸ ತೀರಾ ಸಣ್ಣದು: ಬೆಳಗಿನ ಜಾವದ ನಿದ್ದೆಯಲ್ಲಿ, ನಿಮ್ಮನ್ನು ಎಬ್ಬಿಸದಷ್ಟು ಮೆಲ್ಲಗೆ, ಒಂದು ಗುರುತಿನ ದನಿ ನುಡಿಸುವುದು. ಆ ದನಿಗೆ ಅರ್ಥ ತುಂಬುವುದು ಮಲಗುವ ಮುಂಚೆ ನೀವೇ ಮಾಡಬೇಕಾದ ಕೆಲಸ. ಇದನ್ನು ಬಿಟ್ಟು ಆ್ಯಪ್ ಮಾತ್ರ ಹಾಕಿಕೊಂಡರೆ ಸಿಗುವುದು ಕೆಟ್ಟ ನಿದ್ದೆ.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕೆನ್ ಪಾಲರ್ ಅವರ ತಂಡ ಈ ವಿಧಾನವನ್ನು ಮೊದಲು ಪ್ರಯೋಗಾಲಯದಲ್ಲಿ, ಆಮೇಲೆ ಜನರ ಮನೆಗಳಲ್ಲೇ ಫೋನ್ ಆ್ಯಪ್ ಮೂಲಕ ಪರೀಕ್ಷಿಸಿತು. 2024ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವಾರಕ್ಕೆ ಸರಾಸರಿ 0.74 ಇದ್ದ ಅರಿವಿನ ಕನಸು ಆ್ಯಪ್ ಬಳಸಿದ ವಾರದಲ್ಲಿ 2.11ಕ್ಕೆ ಏರಿತ್ತು. ಅದೇ ಅಧ್ಯಯನದ ಇನ್ನೊಂದು ಭಾಗ ನನಗೆ ಇದಕ್ಕಿಂತ ಮುಖ್ಯ. ಮಲಗುವ ಮುಂಚೆ ಅಭ್ಯಾಸ ಮಾಡಿದ ದನಿಯನ್ನೇ ರಾತ್ರಿ ನುಡಿಸಿದಾಗ ಫಲ ಹೆಚ್ಚು. ಅಭ್ಯಾಸಕ್ಕೆ ಸಂಬಂಧವಿಲ್ಲದ ದನಿ ನುಡಿಸಿದಾಗ ಕಡಿಮೆ.

ಮೊದಲ ಎರಡು ವಾರ ಆ್ಯಪ್ ಮುಟ್ಟಬೇಡಿ. ಕನಸು ನೆನಪಿನಲ್ಲಿ ಉಳಿಯದವರಿಗೆ ಅರಿವಿನ ಕನಸು ಬಿದ್ದರೂ ಬೆಳಿಗ್ಗೆ ಗೊತ್ತಾಗುವುದಿಲ್ಲ. ಎಚ್ಚರವಾದ ತಕ್ಷಣ ಮಗ್ಗುಲು ಬದಲಿಸದೆ, ಕಣ್ಣು ಮುಚ್ಚಿಕೊಂಡೇ, ಕೊನೆಯ ಚಿತ್ರದಿಂದ ಹಿಂದಕ್ಕೆ ಹೋಗಿ. ಆಮೇಲೆ ಬರೆಯಿರಿ. ಮಳೆಗಾಲದಲ್ಲಿ ನಮ್ಮ ಕಡೆ ಕಾಗದ ಥಂಡಿ ಹಿಡಿದು ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಇಟ್ಟುಕೊಳ್ಳಿ. ಫೋನಿನಲ್ಲಿ ಬರೆಯಲು ಹೋದರೆ ಪರದೆಯ ಬೆಳಕಿಗೇ ಅರ್ಧ ಕನಸು ಹಾರಿಹೋಗುತ್ತದೆ. ವಾರದಲ್ಲಿ ನಾಲ್ಕೈದು ದಿನ ಒಂದಾದರೂ ಕನಸು ಕೈಗೆ ಸಿಗುವಂತಾದ ಮೇಲೆ ಮುಂದಿನ ಹೆಜ್ಜೆ. ಅಷ್ಟರಲ್ಲಿ ಮತ್ತೆ ಮತ್ತೆ ಬರುವ ಸಂಗತಿಗಳೂ ಕಾಣತೊಡಗುತ್ತವೆ: ತಪ್ಪಿಹೋದ ಬಸ್ಸು, ಮಾರಿಬಿಟ್ಟ ಹಳೇ ಮನೆ, ಓದದೆ ಕುಳಿತ ಪರೀಕ್ಷೆ. ಅವುಗಳ ಕೆಳಗೆ ಗೆರೆ ಎಳೆದಿಡಿ, ಮುಂದೆ ಬೇಕಾಗುತ್ತವೆ.

ದನಿಯ ಆಯ್ಕೆಯಲ್ಲೇ ಬಹಳ ಮಂದಿ ಎಡವುತ್ತಾರೆ. ದೇವಸ್ಥಾನದ ಗಂಟೆ, ಜಾಗಟೆ, ಕೋಗಿಲೆ, ನೀರಿನ ಸದ್ದು ಯಾವುದೂ ಬೇಡ. ಇವೆಲ್ಲ ದಿನವೂ ಕಿವಿಗೆ ಬೀಳುವ ಸದ್ದುಗಳು, ಗುರುತಾಗಿ ನಿಲ್ಲುವುದಿಲ್ಲ. ಘಟ್ಟದ ಮೇಲಿನವರು ಸಿಳ್ಳೆಯ ದನಿಯನ್ನೂ ಬಿಡಬೇಕು, ಮಳೆಗಾಲದ ಬೆಳಗಿನ ಜಾವದಲ್ಲಿ ಸಿಳ್ಳಾರ ಹಕ್ಕಿ ಹಾಕುವುದು ಅದನ್ನೇ. ಫೋನಿನ ರಿಂಗ್‌ಟೋನಂತೂ ಸಲ್ಲದು, ಅದು ಕಿವಿಗೆ ಬಿದ್ದರೆ ಕೈ ತಾನಾಗಿ ಫೋನ್ ಹುಡುಕುತ್ತದೆ. ನಾನು ಬಳಸುವುದು ಒಂದರ ಮೇಲೊಂದು ಏರುವ ಮೂರು ಸ್ವರ: 400, 600, 800 ಹರ್ಟ್ಸ್. ಮೂರೂ ಸೇರಿ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. 300 ಹರ್ಟ್ಸ್‌ಗಿಂತ ಕೆಳಗಿನ ಸ್ವರ ಫೋನಿನ ಸಣ್ಣ ಸ್ಪೀಕರಿನಲ್ಲಿ ಸರಿಯಾಗಿ ಹೊರಡುವುದಿಲ್ಲ. ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಹತ್ತು ನಿಮಿಷದ ಕೆಲಸ ಇದು. ಪ್ರತಿ ಸ್ವರದ ಆರಂಭಕ್ಕೆ ಸಣ್ಣ ಫೇಡ್-ಇನ್ (ದನಿ ಮೆಲ್ಲಗೆ ಏರುವಂತೆ ಮಾಡುವುದು) ಕೊಡುವುದನ್ನು ಮರೆಯಬೇಡಿ. ನಿದ್ದೆ ಕೆಡಿಸುವುದು ದನಿಯ ಗಾತ್ರಕ್ಕಿಂತ ಹೆಚ್ಚಾಗಿ ಅದು ಟಕ್ಕನೆ ಶುರುವಾಗುವ ರೀತಿ.

ಇನ್ನು ಅಭ್ಯಾಸ. ರಾತ್ರಿ ಹಾಸಿಗೆಯಲ್ಲಿ ದೀಪ ಆರಿಸಿ ಹದಿನೈದರಿಂದ ಇಪ್ಪತ್ತು ನಿಮಿಷ. ಆ್ಯಪ್ ನಿಮಿಷಕ್ಕೊಮ್ಮೆ ದನಿ ಕೊಡುತ್ತದೆ. ಕೇಳಿದಾಗಲೆಲ್ಲ ನಿಲ್ಲಬೇಕು: ಈಗ ಮನಸ್ಸು ಎಲ್ಲಿತ್ತು? ಮೈಗೆ ಏನು ತಾಗುತ್ತಿದೆ, ಕಂಬಳಿಯ ಒರಟೇ, ಫ್ಯಾನಿನ ಗಾಳಿಯೇ? ಉಸಿರು ಹೇಗಿದೆ? ಇದು ಕನಸಾಗಿದ್ದರೆ ಯಾವುದು ಬೇರೆ ಇರುತ್ತಿತ್ತು? ‘ಇದು ಕನಸೇ?’ ಎಂದು ಬಾಯಿಪಾಠದ ಹಾಗೆ ಕೇಳಿಕೊಂಡರೆ ಕನಸಿನಲ್ಲೂ ಬಾಯಿಪಾಠವೇ ಬರುತ್ತದೆ. ಕೇಳಿ, ‘ಅಲ್ಲ’ ಎಂದುಕೊಂಡು ಮುಂದೆ ಹೋಗುತ್ತೀರಿ, ಅದೂ ಕನಸಿನೊಳಗೇ! ನಿಜವಾಗಿ ಅನುಮಾನಪಟ್ಟು ನೋಡಬೇಕು. ಕೊನೆಯ ಐದು ನಿಮಿಷ ದನಿಯನ್ನು ತಗ್ಗಿಸುತ್ತ ಬಂದು, ಕಿವಿಗೊಟ್ಟರೆ ಮಾತ್ರ ಕೇಳುವ ಮಟ್ಟಕ್ಕೆ ಇಳಿಸಿ. ಕನಸಿನಲ್ಲಿ ದನಿ ಬರುವುದು ಅಷ್ಟೇ ಮಂದವಾಗಿ.

ಸಂಕಲ್ಪದ ಈ ಭಾಗ ಹೊಸದೇನಲ್ಲ. ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ ಮತ್ತೆ ಕಟ್ಟಿದ, ಟಿಬೆಟನ್ ಬೌದ್ಧರ ಗಾಂದೆನ್ ಮಠದ ಮೂಲ ಸ್ಥಾಪಕ ತ್ಸೊಂಗ್ಖಾಪ, ಬೌದ್ಧ ಸಿದ್ಧ ನಾರೋಪನ ಆರು ಯೋಗಗಳಿಗೆ ವ್ಯಾಖ್ಯಾನ ಬರೆದವರು. ಅದರಲ್ಲಿ ಸ್ವಪ್ನಯೋಗವೂ ಸೇರಿದೆ. ಕಾಣುವುದೆಲ್ಲ ಕನಸೆಂದು ಹಗಲೆಲ್ಲ ಭಾವಿಸಿ, ಕನಸನ್ನು ಗುರುತಿಸುವ ಗಟ್ಟಿ ಸಂಕಲ್ಪದೊಂದಿಗೆ ಮಲಗುವುದು ಆ ಸಾಧನೆಯ ತಳಪಾಯ. ಅಲ್ಲಿ ಅದು ಧರ್ಮಸಾಧನೆ, ಅದಕ್ಕೆ ಗುರುವಿದ್ದಾನೆ, ಗುರಿ ಬೇರೆ ಇದೆ. ಫೋನ್ ಇಟ್ಟುಕೊಂಡು ಮಾಡುವುದನ್ನು ಅದಕ್ಕೆ ಸಮ ಎನ್ನಲಾರೆ. ಆದರೆ ಹಗಲಿನ ಅಭ್ಯಾಸ ತಪ್ಪಿದರೆ ರಾತ್ರಿ ಏನೂ ಸಿಗುವುದಿಲ್ಲ ಎಂಬುದು ಎರಡಕ್ಕೂ ಒಂದೇ.

ಕನಸೋ ಎಚ್ಚರವೋ ಎಂದು ನೋಡಿಕೊಳ್ಳುವ ಹಗಲಿನ ಪರೀಕ್ಷೆಗಳು ಸುಲಭ. ಮೂಗು ಹಿಡಿದು, ಬಾಯಿ ಮುಚ್ಚಿ ಉಸಿರೆಳೆಯಲು ನೋಡಿ. ಕನಸಿನಲ್ಲಿ ಬಹುಪಾಲು ಉಸಿರು ಬಂದೇಬಿಡುತ್ತದೆ. ಬಸ್ಸಿನ ಬೋರ್ಡು ಓದಿ, ಕಣ್ಣು ತಿರುಗಿಸಿ, ಮತ್ತೆ ಓದಿ. ಕನಸಿನಲ್ಲಿ ‘ಶಿರಸಿ’ ಎಂದಿದ್ದದ್ದು ಎರಡನೇ ಸಲಕ್ಕೆ ಬೇರೇನೋ ಆಗಿರುತ್ತದೆ. ದಿನಕ್ಕೆ ಎಂಟು-ಹತ್ತು ಸಲ ಸಾಕು. ಗಡಿಯಾರ ನೋಡಿ ಮಾಡುವುದಕ್ಕಿಂತ ಹೊಸ್ತಿಲು ದಾಟುವಾಗ, ಚಪ್ಪಲಿ ಮೆಟ್ಟುವಾಗ ಮಾಡಿದರೆ ರೂಢಿಯಾಗುತ್ತದೆ. ಗೆರೆ ಎಳೆದಿಟ್ಟ ಸಂಗತಿ ಯಾವುದಾದರೂ ಹಗಲಲ್ಲಿ ಎದುರಾದರೆ ಆಗಲೂ ತಪ್ಪಿಸಬೇಡಿ.

ಸಮಯದ ಲೆಕ್ಕ ಹೀಗೆ. ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ. ಕನಸು ದಟ್ಟವಾಗಿರುವ ರೆಮ್ ನಿದ್ದೆ ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷ, ಬೆಳಗಾಗುತ್ತ ಉದ್ದವಾಗುತ್ತದೆ. ಹಾಗಾಗಿ ನಿದ್ದೆ ಹತ್ತಿ ಆರು ಗಂಟೆಯ ಮೇಲೆ ದನಿ ಶುರುವಾದರೆ ಒಳ್ಳೆಯದು. 10.50ಕ್ಕೆ ನಿದ್ದೆ ಹತ್ತಿದರೆ 4.50. ಆದರೆ ಕಾರವಾರ, ಅಂಕೋಲಾ, ಕುಮಟಾದ ಮೀನುಗಾರರ ಕೇರಿಗಳಲ್ಲಿ ಅಷ್ಟೊತ್ತಿಗೆ ಊರೇ ಎದ್ದಿರುತ್ತದೆ, ದೋಣಿಯ ಇಂಜಿನು, ರೈಲಿನ ಹಾರ್ನು ಎಲ್ಲ ಸೇರಿ. ಕೆಳಗಿನವರು ಒಂದು ಗಂಟೆ ಮುಂಚೆ ಮಲಗಿ ದನಿಯನ್ನೂ ಒಂದು ಗಂಟೆ ಹಿಂದಕ್ಕೆ ತಂದುಕೊಂಡರೆ ಸರಿಹೋಗುತ್ತದೆ. ನನ್ನ ಆ್ಯಪಿನಲ್ಲಿ ಅರ್ಧ ನಿಮಿಷಕ್ಕೊಂದರಂತೆ ಹತ್ತು ದನಿ, ಆಮೇಲೆ ಹದಿನೈದು ನಿಮಿಷ ಮೌನ, ಮತ್ತೆ ಹತ್ತು. ಹಾಸಿಗೆಯ ಅಲುಗಾಟ ಅಳೆದು ‘ಈಗ ರೆಮ್ ಬಂದಿದೆ’ ಎಂದು ಹೇಳುವ ಆ್ಯಪ್‌ಗಳನ್ನು ನಾನು ನೆಚ್ಚುವುದಿಲ್ಲ. ರೆಮ್ ಗುರುತಿಸಲು ಮಿದುಳಿನ ಅಲೆ, ಕಣ್ಣಿನ ಚಲನೆ, ಸ್ನಾಯುಗಳ ಬಿಗಿತ ನೋಡಬೇಕು, ಫೋನಿಗೆ ಗೊತ್ತಾಗುವುದು ನೀವು ಅಲುಗಿದಿರೋ ಇಲ್ಲವೋ ಅಷ್ಟೇ. ಆದರೂ ಅಲುಗಾಟ ಕಂಡರೆ ದನಿ ನಿಲ್ಲಿಸುವ ಸೌಕರ್ಯ ಇದ್ದರೆ ಹಾಕಿಕೊಳ್ಳಿ, ಅರೆ ಎಚ್ಚರ ಪೂರ್ತಿ ಎಚ್ಚರವಾಗದಂತೆ ಅದು ಕಾಯುತ್ತದೆ.

ದನಿ ಎಷ್ಟು ಜೋರಿರಬೇಕು? ಸೋಲು-ಗೆಲುವು ನಿಂತಿರುವುದು ಇಲ್ಲೇ. ಫೋನನ್ನು ತಲೆಯಿಂದ ಒಂದು ಮೀಟರ್ ದೂರದ ಮೇಜಿನ ಮೇಲಿಡಿ, ದಿಂಬಿನ ಕೆಳಗೆ ಬೇಡ. ಚಾರ್ಜಿಗೆ ಹಾಕಿದ ಫೋನ್ ಬಟ್ಟೆಯ ಅಡಿಯಲ್ಲಿ ಬಿಸಿಯಾಗುತ್ತದೆ. ಮಲಗಿಕೊಂಡು, ಫ್ಯಾನ್ ಹಾಕಿಕೊಂಡು, ದನಿ ಕೇಳಿಯೂ ಕೇಳದಂತಾಗುವವರೆಗೆ ಇಳಿಸಿ ಅಲ್ಲಿಂದ ಒಂದು ಮೆಟ್ಟಿಲು ಮೇಲೆ ನಿಲ್ಲಿಸಿ. ಫೋನಿನ ಮೆಟ್ಟಿಲುಗಳ ನಡುವಿನ ಅಂತರ ರಾತ್ರಿಯ ನಿಶ್ಶಬ್ದಕ್ಕೆ ಬಹಳ ದೊಡ್ಡದು. ಹಾಗಾಗಿ ದನಿಯ ಕಡತವನ್ನೇ 12 ಡೆಸಿಬೆಲ್ ತಗ್ಗಿಸಿಟ್ಟುಕೊಂಡರೆ ಅದೇ ಮೆಟ್ಟಿಲುಗಳಲ್ಲಿ ನಾಜೂಕಾಗಿ ಹೊಂದಿಸಬಹುದು. ದನಿಗೇ ಎಚ್ಚರವಾಯಿತೋ, ಮರುರಾತ್ರಿ ಒಂದು ಮೆಟ್ಟಿಲು ಕೆಳಗೆ. ಮೂರು ರಾತ್ರಿ ಎಚ್ಚರವೂ ಇಲ್ಲ, ಕನಸಿನಲ್ಲಿ ಸುಳಿವೂ ಇಲ್ಲ ಎಂದಾದರೆ ಒಂದು ಮೆಟ್ಟಿಲು ಮೇಲೆ. ಒಂದೇ ರಾತ್ರಿಯಲ್ಲಿ ಎರಡು ಮೆಟ್ಟಿಲು ಬದಲಿಸಬೇಡಿ.

ನಮ್ಮ ಕಡೆಯ ಶತ್ರು ಕರೆಂಟು. ಫ್ಯಾನಿನ ಗುಂಯ್ ಸದ್ದಿಗೆ ತಕ್ಕಂತೆ ಹೊಂದಿಸಿದ ದನಿ, ನಡುರಾತ್ರಿ ಕರೆಂಟು ಹೋಗಿ ಫ್ಯಾನ್ ನಿಂತರೆ ಕಿವಿಯ ಬುಡದಲ್ಲೇ ಹೊಡೆದಂತೆ ಕೇಳುತ್ತದೆ. ಶಿರಸಿ, ಸಿದ್ದಾಪುರದಲ್ಲಿ ವರ್ಷದ ಬಹುಪಾಲು ಫ್ಯಾನ್ ಇಲ್ಲದೆ ಮಲಗಬಹುದು, ಹಾಗೆ ಮಲಗಿಯೇ ಹೊಂದಿಸಿಕೊಳ್ಳಿ. ಏಪ್ರಿಲ್-ಮೇ ತಿಂಗಳ ಕಾರವಾರದ ಸೆಕೆಯಲ್ಲಿ ಅದು ಆಗದ ಮಾತು, ಇನ್ವರ್ಟರ್ ಇದ್ದರೆ ಮಾತ್ರ ನಂಬಿಕೆ. ಮಳೆಗಾಲದ್ದು ಬೇರೆಯೇ ತೊಂದರೆ. ತಗಡಿನ ಮಾಡಿನ ಮೇಲೆ ಜಡಿಮಳೆ ಹೊಡೆಯುವಾಗ ಯಾವ ದನಿಯೂ ಕೇಳದು, ಮಳೆ ಹೊಳವಾದ ಕೂಡಲೇ ಅದೇ ದನಿ ಕಿರುಚಿದಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಸ್ಪೀಕರ್ ಬಿಟ್ಟು, ಮಲಗುವಾಗ ತಲೆಗೆ ಕಟ್ಟಿಕೊಳ್ಳುವ, ಚಪ್ಪಟೆ ಸ್ಪೀಕರ್ ಹೊಲಿದ ಬಟ್ಟೆಯ ಪಟ್ಟಿ ಬಳಸುತ್ತೇನೆ. ಮಗ್ಗುಲಲ್ಲಿ ಮಲಗಿದವರ ನಿದ್ದೆಯೂ ಉಳಿಯುತ್ತದೆ. ಬ್ಲೂಟೂತ್ ಆದರೆ ಬ್ಯಾಟರಿ ಮುಗಿಯುವಾಗ ಅದು ಮಾಡುವ ಸದ್ದಿಗೇ ಎಚ್ಚರವಾಗುತ್ತದೆ, ಸಂಜೆಯೇ ಪೂರ್ತಿ ಚಾರ್ಜ್ ಮಾಡಿಡಿ.

ಆ್ಯಪ್ ರಾತ್ರಿ ಸದ್ದೇ ಮಾಡಲಿಲ್ಲ ಎಂದಾದರೆ ಕಾರಣ ಹೆಚ್ಚಾಗಿ ಆಂಡ್ರಾಯ್ಡ್‌ನ ಬ್ಯಾಟರಿ ಉಳಿತಾಯ. ಪರದೆ ಆರಿ ಗಂಟೆಗಟ್ಟಲೆ ಸುಮ್ಮನಿದ್ದ ಆ್ಯಪನ್ನು ಅದು ಮುಚ್ಚಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ಡು ನಾಟ್ ಡಿಸ್ಟರ್ಬ್ ಹಾಕಿದ್ದರೆ ಮೀಡಿಯಾ ಸದ್ದಿಗೆ ವಿನಾಯಿತಿ ಇದೆಯೇ ನೋಡಿ. ಏರ್‌ಪ್ಲೇನ್ ಮೋಡ್ ಕಡ್ಡಾಯ, ಇಲ್ಲವಾದರೆ ಬೆಳಗಿನ ಜಾವದ ಶುಭೋದಯ ಸಂದೇಶಗಳೇ ಎಬ್ಬಿಸುತ್ತವೆ. ಬ್ಲೂಟೂತ್ ಪಟ್ಟಿ ಇದ್ದರೆ ಆಮೇಲೆ ಬ್ಲೂಟೂತನ್ನು ಬೇರೆಯಾಗಿ ಆನ್ ಮಾಡಿಕೊಳ್ಳಿ. ಇಷ್ಟಾದರೂ ಕೈಕೊಟ್ಟರೆ ಆ್ಯಪ್ ಬಿಟ್ಟು ಉದ್ದದ ಒಂದು ಆಡಿಯೋ ಕಡತ ಮಾಡಿ: ಮೊದಲ ಇಪ್ಪತ್ತು ನಿಮಿಷ ಅಭ್ಯಾಸದ ದನಿ, ಆಮೇಲೆ ಆರು ಗಂಟೆ ಮೌನ, ಕೊನೆಗೆ ಗುರುತಿನ ದನಿ. 32 ಕೆಬಿಪಿಎಸ್ ಮೊನೊದಲ್ಲಿ ಎಂಟು ಗಂಟೆಯ ಕಡತ ಸುಮಾರು 115 ಎಂಬಿ. ಹಾಡು ನುಡಿಸುತ್ತಿರುವ ಪ್ಲೇಯರನ್ನು ಫೋನ್ ಸುಲಭಕ್ಕೆ ಮುಚ್ಚುವುದಿಲ್ಲ. ನಾನು ಹಳೇ ಫೋನೊಂದನ್ನು ಸಿಮ್ ತೆಗೆದು ಇದಕ್ಕೇ ಮೀಸಲಿಟ್ಟಿದ್ದೇನೆ.

ಸ್ಟಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ರೂಪಿಸಿದ ನೆನಪಿನ ವಿಧಾನವನ್ನು ಇದಕ್ಕೆ ಸೇರಿಸಿದರೆ ಫಲ ಹೆಚ್ಚು. ನಿದ್ದೆ ಹತ್ತಿ ಐದು ತಾಸು ಕಳೆದ ಮೇಲೆ ಎದ್ದು, ಮಂದ ಬೆಳಕಿನಲ್ಲಿ ಇಪ್ಪತ್ತು ನಿಮಿಷ ಕುಳಿತು ಕನಸಿನ ಪುಸ್ತಕ ಓದಿ. ಮತ್ತೆ ಮಲಗುವಾಗ ‘ಮುಂದೆ ಬೀಳುವ ಕನಸಿನಲ್ಲಿ ಇದು ಕನಸೆಂದು ನೆನಪು ಮಾಡಿಕೊಳ್ಳುತ್ತೇನೆ’ ಎಂದುಕೊಳ್ಳುತ್ತ, ಈಗಷ್ಟೇ ಬಿದ್ದ ಕನಸಿನೊಳಗೆ ಆ ಅರಿವು ಮೂಡಿದಂತೆ ಕಲ್ಪಿಸಿಕೊಳ್ಳಿ. ಹಾಗೆ ಐದು ನಿಮಿಷದೊಳಗೆ ಮತ್ತೆ ನಿದ್ದೆ ಹತ್ತಿದವರಿಗೆ ಇದು ಹೆಚ್ಚು ಕೈಹಿಡಿಯುತ್ತದೆ ಎಂದು ಅಡಿಲೇಡ್ ವಿಶ್ವವಿದ್ಯಾಲಯದ ಅಧ್ಯಯನ ಕಂಡುಕೊಂಡಿದೆ. ಈ ರಾತ್ರಿಗಳಲ್ಲಿ ಆ್ಯಪಿನ ದನಿಯನ್ನು ಮತ್ತೆ ಮಲಗಿದ ಅರ್ಧ ಗಂಟೆಯ ನಂತರಕ್ಕೆ ಇಡಿ.

ಊಟದ ವಿಷಯಕ್ಕೆ ಒಂದು ಮಾತು. ರಾತ್ರಿ ಮಾವಿನಕಾಯಿಯ ಅಪ್ಪೆಹುಳಿ ಕುಡಿದು ಮಲಗಿದರೆ ಒಳ್ಳೇ ನಿದ್ದೆ ಎನ್ನುವುದು ನಮ್ಮಲ್ಲಿ ಮನೆಮಾತು, ಕುಡಿಯಿರಿ, ಅಡ್ಡಿಯಿಲ್ಲ. ಕವಳ (ಎಲೆ-ಅಡಿಕೆ) ಮಾತ್ರ ಬೇಡ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ರೆಮ್ ನಿದ್ದೆಯನ್ನು ಬೇಗ ಬರಿಸುತ್ತದೆ ಎಂದು 1970ರ ದಶಕದಲ್ಲೇ ಪ್ರಯೋಗಾಲಯದಲ್ಲಿ ಕಂಡಿದ್ದು ನಿಜ. ಆದರೆ ಅದು ನಿದ್ದೆಯಲ್ಲಿದ್ದವರ ರಕ್ತನಾಳಕ್ಕೆ ಶುದ್ಧ ರೂಪದಲ್ಲಿ ಕೊಟ್ಟ ಔಷಧ. ಬಾಯಲ್ಲಿ ಅಡಿಕೆ ಇಟ್ಟುಕೊಂಡು ಮಲಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಡಿಕೆ ಜಗಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ತೋಟದ ನಡುವೆಯೇ ಬದುಕುವವರಿಗೆ ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳಲೇಬೇಕು.

ದನಿ ಕನಸಿಗೆ ಇಳಿಯುವಾಗ ವೇಷ ಹಾಕಿಕೊಂಡು ಇಳಿಯುತ್ತದೆ. ಲಾರಿ ಹಿಂದೆ ಸರಿಯುವ ಸದ್ದು, ಯಾರದೋ ಮನೆಯ ಕಾಲಿಂಗ್ ಬೆಲ್, ಹಾರ್ಮೋನಿಯಂನಲ್ಲಿ ಸ್ವರ ಹಿಡಿಯುತ್ತಿರುವ ಭಾಗವತ. ಅದಕ್ಕೇ ಅಭ್ಯಾಸದಲ್ಲಿ ‘ಈ ಬೀಪ್’ ಎಂದು ಕಲಿಯದೆ ‘ಏರುವ ಮೂರು ಸ್ವರ, ಎಲ್ಲಿಂದ ಬಂದರೂ’ ಎಂದು ಕಲಿಯಬೇಕು. ಅರಿವು ಮೂಡಿದ ಮರುಕ್ಷಣ ಹಿಗ್ಗಿ ಕುಣಿದರೆ ಎಚ್ಚರವಾಗುತ್ತದೆ. ಹಾರಲು ಹೋಗಬೇಡಿ. ಅಂಗೈ ಉಜ್ಜಿ, ಗೋಡೆ ಮುಟ್ಟಿ, ನೆಲ ನೋಡಿ. ಮೊದಮೊದಲು ಹತ್ತು ಸೆಕೆಂಡು ನಿಂತರೂ ದೊಡ್ಡದು. ಕಣ್ಣನ್ನು ಎಡ-ಬಲ-ಎಡ-ಬಲ ಹೊರಳಿಸುವುದನ್ನೂ ಕಲಿಯಿರಿ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್, ನಿದ್ದೆಯಲ್ಲಿದ್ದ ಅಲನ್ ವರ್ಸ್‌ಲಿಯ ಅರಿವಿನ ಕನಸನ್ನು ಯಂತ್ರದಲ್ಲಿ ದಾಖಲಿಸಿದ್ದು ಇಂಥ ಕಣ್ಣಿನ ಸಂಕೇತದಿಂದಲೇ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕನಸಿನೊಳಗಿದ್ದವನಿಗೆ ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದು ಕೇಳಿದಾಗ, ಉತ್ತರ ಬಂದದ್ದೂ ಕಣ್ಣಿನ ಚಲನೆಯಲ್ಲೇ.

ಎದ್ದೆ ಎಂದುಕೊಂಡು ಮುಖ ತೊಳೆದು ಚಹಾ ಕುಡಿದ ಮೇಲೆ ಅದೂ ಕನಸೆಂದು ಗೊತ್ತಾಗುವುದು ಇದರಲ್ಲಿ ಸಾಮಾನ್ಯ, ಎದ್ದ ಕೂಡಲೇ ಮೂಗು ಹಿಡಿದು ನೋಡುವ ರೂಢಿ ಬೇಕು. ಕೈಕಾಲು ಅಲುಗದೆ, ಎದೆಯ ಮೇಲೆ ಯಾರೋ ಕೂತಂತೆ ಆಗುವುದೂ ಇದೆ. ರೆಮ್ ನಿದ್ದೆಯಲ್ಲಿ ಸ್ನಾಯುಗಳು ಸಡಿಲಗೊಂಡಿರುತ್ತವೆ, ಮನಸ್ಸು ಎದ್ದರೂ ಮೈ ಇನ್ನೂ ಎದ್ದಿರುವುದಿಲ್ಲ. ದೆವ್ವವೂ ಅಲ್ಲ, ಹೃದಯದ ತೊಂದರೆಯೂ ಅಲ್ಲ. ಉಸಿರನ್ನು ಗಮನಿಸುತ್ತ, ಕಾಲಿನ ಹೆಬ್ಬೆರಳು ಅಲ್ಲಾಡಿಸಲು ನೋಡಿ, ಬಿಡುತ್ತದೆ. ಭ್ರಮೆಯ ಕಾಯಿಲೆ, ಬೈಪೋಲಾರ್, ಅಪಸ್ಮಾರ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಉಳಿದವರಿಗೂ ವಾರಕ್ಕೆ ಎರಡು ರಾತ್ರಿ ಸಾಕು. ಮರುದಿನ ರಜೆ ಇರುವ ರಾತ್ರಿಯನ್ನೇ ಆರಿಸಿಕೊಳ್ಳಿ. ಬೆಳಿಗ್ಗೆ ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಗಾಡಿ ಓಡಿಸಿಕೊಂಡು ಇಳಿಯಬೇಕಿದ್ದರೆ ಹಿಂದಿನ ರಾತ್ರಿ ಆ್ಯಪ್ ಆಫ್ ಮಾಡಿ ಮಲಗಿ.