ಸೈನಸ್ಸಿಗೆ, ಹಲ್ಲುನೋವಿಗೆ ಆ್ಯಂಟಿಬಯೋಟಿಕ್: ಯಾವಾಗ ಬೇಕು, ಹೇಗೆ ತಗೋಬೇಕು

ಮೂಗು ಕಟ್ಟಿ ಮುಖ ಭಾರ ಆದ್ರೂ ಸರಿ, ಹಲ್ಲು ಸಿಡಿದು ರಾತ್ರಿ ನಿದ್ದೆ ಹೋದ್ರೂ ಸರಿ, ಮೊದ್ಲು ಕೈ ಹೋಗೋದು ಆ್ಯಂಟಿಬಯೋಟಿಕ್ ಕಡೆಗೇ. ಆದ್ರೆ ಈ ಎರಡರ ಲೆಕ್ಕ ಬೇರೆಬೇರೆ. ಸೈನಸ್ಸಿಗೆ ಹೆಚ್ಚಿನ ಸಲ ಅದು ಬೇಕಾಗೇ ಇರಲ್ಲ, ಹಲ್ಲಿಗೆ ಬೇಕಾದಾಗ್ಲೂ ಅದೊಂದೇ ಸಾಕಾಗಲ್ಲ.

ಮೊದ್ಲು ಸೈನಸ್ ನೋಡೋಣ. ಸೈನಸ್ ಅಂದ್ರೆ ಮೂಗಿನ ಸುತ್ತ, ಮುಖದ ಮೂಳೆಯೊಳಗಿರೋ ಗಾಳಿ ಗೂಡುಗಳು, ಅವು ಊದಿಕೊಳ್ಳೋದೇ ಸೈನಸೈಟಿಸ್. ಇದು ಬಹುಪಾಲು ಶುರುವಾಗೋದು ಮಾಮೂಲಿ ನೆಗಡಿ ವೈರಸ್ಸಿಂದ, ವೈರಸ್ಸಿಗೆ ಆ್ಯಂಟಿಬಯೋಟಿಕ್ ಲೆಕ್ಕಕ್ಕೇ ಇಲ್ಲ. ದೊಡ್ಡೋರಲ್ಲಿ ನೂರು ನೆಗಡಿಯಲ್ಲಿ ಹೆಚ್ಚೆಂದ್ರೆ ಒಂದೆರಡು ಬ್ಯಾಕ್ಟೀರಿಯಾ ಸೈನಸೈಟಿಸ್ ಆಗಿ ತಿರುಗ್ತವೆ ಅಷ್ಟೇ. ಸಿಂಬಳ ಹಸಿರಾಯ್ತು ಅಂತ ಗಾಬರಿ ಬೀಳ್ತಾರಲ್ಲ, ಆ ಬಣ್ಣ ಬರೋದು ನಮ್ಮದೇ ಬಿಳಿ ರಕ್ತಕಣದೊಳಗಿನ ಒಂದು ಕಿಣ್ವದಿಂದ, ವೈರಸ್ ನೆಗಡಿಯಲ್ಲೂ ಬರುತ್ತೆ, ಹಾಗಾಗಿ ಬಣ್ಣ ನೋಡಿ ಏನೂ ತೀರ್ಮಾನ ಮಾಡಕ್ಕಾಗಲ್ಲ. ನೋಡಬೇಕಾದ್ದು ದಿನದ ಲೆಕ್ಕ. 10 ದಿನ ಆದ್ರೂ ಒಂಚೂರೂ ಕಮ್ಮಿ ಆಗಿಲ್ವಾ, ಅಥವಾ ಕಮ್ಮಿ ಆಗ್ತಾ ಬಂದು ಐದಾರು ದಿನಕ್ಕೆ ಮತ್ತೆ ಜ್ವರ ತಲೆನೋವು ಜೋರಾಯ್ತಾ, ಅಥವಾ ಶುರುವಿನಿಂದ್ಲೇ 102 ಡಿಗ್ರಿ ಜ್ವರ, ಕೀವಿನಂಥ ಸಿಂಬಳ, ಮುಖನೋವು ಮೂರ್ನಾಲ್ಕು ದಿನ ಬಿಡದೆ ಇದೆಯಾ, ಆಗ ಬ್ಯಾಕ್ಟೀರಿಯಾ ಅನ್ನೋ ಅನುಮಾನಕ್ಕೆ ಅರ್ಥ ಇದೆ, ಡಾಕ್ಟರ್ ಹತ್ರ ಹೋಗಿ.

ಅಲ್ಲಿವರೆಗೆ ಉಪ್ಪುನೀರಲ್ಲಿ ಮೂಗು ತೊಳ್ಕೊಳ್ಳೋದು ನಿಜವಾಗ್ಲೂ ಆರಾಮ ಕೊಡುತ್ತೆ, ಆದ್ರೆ ನಲ್ಲಿ ನೀರು ನೇರ ಹಾಕ್ಬೇಡಿ, ಕುದಿಸಿ ಆರಿಸಿದ್ದು ಇಲ್ಲಾ ಡಿಸ್ಟಿಲ್ಡ್ ನೀರೇ ಆಗ್ಬೇಕು, ಯಾಕಂದ್ರೆ ಮೂಗಿನ ಮೂಲಕ ಮೆದುಳಿಗೆ ಹತ್ತೋ ಅಮೀಬಾ ಒಂದಿದೆ, ಅಪರೂಪ, ಆದ್ರೆ ಬಂದ್ರೆ ಉಳಿಯೋದು ಕಷ್ಟ. ಮೂಗು ಬಿಡಿಸೋ ಆಕ್ಸಿಮೆಟಾಜೋಲಿನ್ ಥರದ ಸ್ಪ್ರೇ ಮೂರು ದಿನ ದಾಟಿಸ್ಬೇಡಿ, ಹೆಚ್ಚು ಹಾಕಿದಷ್ಟೂ ಮೂಗು ಮತ್ತೆ ಕಟ್ಕೊಳ್ಳುತ್ತೆ.

ಆ್ಯಂಟಿಬಯೋಟಿಕ್ ಬೇಕೇ ಬೇಕು ಅಂದ್ರೆ ಡಾಕ್ಟರು ಸಾಮಾನ್ಯವಾಗಿ ಮೊದ್ಲು ಬರೆಯೋದು ಅಮಾಕ್ಸಿಸಿಲಿನ್, ಇಲ್ಲಾ ಅದ್ರ ಜೊತೆ ಕ್ಲಾವುಲನೇಟ್ ಸೇರಿದ್ದು, ದೊಡ್ಡೋರಿಗೆ ಐದರಿಂದ ಏಳು ದಿನ ಸಾಕಾಗುತ್ತೆ. ಅಮಾಕ್ಸಿಸಿಲಿನ್ ಪೆನಿಸಿಲಿನ್ ಗುಂಪಿಂದೇ, ಹಾಗಾಗಿ ಪೆನಿಸಿಲಿನ್ ಅಲರ್ಜಿ ಇದ್ರೆ ಡಾಕ್ಸಿಸೈಕ್ಲಿನ್ ಇದೆ. ಎಲ್ರೂ ಬಾಯಿಪಾಠ ಮಾಡ್ಕೊಂಡಿರೋ ಅಜಿಥ್ರೋಮೈಸಿನ್ ಇದಕ್ಕೆ ಒಳ್ಳೆ ಆಯ್ಕೆ ಅಲ್ಲ, ಸೈನಸ್ಸಿನ ಮುಖ್ಯ ಬ್ಯಾಕ್ಟೀರಿಯಾಗಳಲ್ಲಿ ಅದಕ್ಕೆ ಬಗ್ಗದಿರೋವೇ ಜಾಸ್ತಿ ಆಗಿವೆ.

ಇನ್ನು ಹಲ್ಲು. ಹುಳುಕು ಆಳಕ್ಕಿಳಿದು ಒಳಗಿನ ನರ ಸತ್ತ ಮೇಲೆ ಅಲ್ಲಿಗೆ ರಕ್ತ ಹೋಗಲ್ಲ, ರಕ್ತ ಹೋಗದ ಜಾಗಕ್ಕೆ ಮಾತ್ರೆ ಹೇಗೆ ತಲುಪುತ್ತೆ ಹೇಳಿ? ಬೀಗ ಹಾಕಿದ ಮನೆಯೊಳಗಿನ ಕಳ್ಳನ್ನ ಹಿಡಿಯಕ್ಕೆ ಬೀದಿಯಲ್ಲಿ ಪೊಲೀಸ್ ಸುತ್ತಿದ ಹಾಗೆ. ಅದಕ್ಕೇ ಮಾತ್ರೆಗೆ ಊತ ಇಳಿದಂಗೆ ಕಂಡು, ಕೋರ್ಸ್ ಮುಗಿದ ಸ್ವಲ್ಪ ದಿನಕ್ಕೆ ಅದೇ ಹಲ್ಲು ಮತ್ತೆ ಎದ್ದು ಕೂರುತ್ತೆ. ಆಗ್ಬೇಕಾದ್ದು ರೂಟ್ ಕೆನಾಲ್, ಇಲ್ಲಾ ಕೀವು ತೆಗೆಯೋದು, ಇಲ್ಲಾ ಹಲ್ಲೇ ಕೀಳೋದು. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲೇ ಹೇಳಿದೆ, ಆರೋಗ್ಯವಾಗಿರೋ ದೊಡ್ಡೋರಿಗೆ ಡೆಂಟಿಸ್ಟ್ ತಕ್ಷಣ ಸಿಗೋ ಹಾಗಿದ್ರೆ ಹೆಚ್ಚಿನ ಹಲ್ಲುನೋವಿಗೆ ಆ್ಯಂಟಿಬಯೋಟಿಕ್ ಬೇಡ ಅಂತ. ಜ್ವರ, ಸುಸ್ತು, ಕೆನ್ನೆಗೆ ಹರಡ್ತಿರೋ ಊತ ಇದ್ರೆ ಮಾತ್ರ ಅಮಾಕ್ಸಿಸಿಲಿನ್ ಮೂರರಿಂದ ಏಳು ದಿನ, ಅದೂ ಹಲ್ಲಿನ ಕೆಲ್ಸದ ಜೊತೆಗೆ. ಬರೀ ನೋವಿಗಾದ್ರೆ ಐಬುಪ್ರೊಫೆನ್ ಪ್ಯಾರಾಸಿಟಮಾಲ್ ಜೊತೆಯಾಗಿ ಚೆನ್ನಾಗಿ ಕೆಲ್ಸ ಮಾಡುತ್ತೆ, ಕಿಡ್ನಿ ತೊಂದ್ರೆ, ಹೊಟ್ಟೆ ಹುಣ್ಣು ಇರೋರು, ಬಸುರಿಯರು ಐಬುಪ್ರೊಫೆನ್ ಬಿಟ್ಟು ಡಾಕ್ಟರನ್ನ ಕೇಳಿ.

ಒಂದು ವಿಷ್ಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮೇಲಿನ ದವಡೆ ಹಲ್ಲಿನ ಬೇರು ಕೆನ್ನೆಯ ಸೈನಸ್ಸಿಗೆ ಅಂಟ್ಕೊಂಡೇ ಇರುತ್ತೆ. ಒಂದೇ ಕಡೆ ಸೈನಸ್, ಅದೂ ಕೆಟ್ಟ ವಾಸನೆ, ಎಷ್ಟು ಕೋರ್ಸ್ ಆದ್ರೂ ಹೋಗ್ತಿಲ್ಲ ಅಂದ್ರೆ ಹಲ್ಲು ತೋರಿಸಿ, ಮೂಲ ಅಲ್ಲೇ ಇರ್ಬೋದು. ಉಲ್ಟಾನೂ ಆಗುತ್ತೆ, ಬಗ್ಗಿದಾಗ ಮೇಲಿನ ನಾಲ್ಕೈದು ಹಲ್ಲು ಒಟ್ಟಿಗೆ ನೋಯ್ತಿದ್ರೆ ಅದು ಸೈನಸ್ ನೋವಿರ್ಬೋದು, ಒಳ್ಳೆ ಹಲ್ಲು ಕೀಳಿಸ್ಕೊಂಡೀರಾ ಮತ್ತೆ.

ತಗೊಳ್ಳೋ ರೀತಿ ಹೇಳ್ಬಿಡ್ತೀನಿ. ಕ್ಲಾವುಲನೇಟ್ ಇರೋದು ಊಟ ಶುರು ಮಾಡ್ತಾ, ಇಲ್ಲಾಂದ್ರೆ ಹೊಟ್ಟೆ ಕೆಡುತ್ತೆ. ಡಾಕ್ಸಿಸೈಕ್ಲಿನ್ ಲೋಟ ತುಂಬ ನೀರಲ್ಲಿ ನುಂಗಿ ಅರ್ಧ ಗಂಟೆ ಮಲಗ್ಬೇಡಿ, ಬಿಸಿಲಲ್ಲಿ ಹುಷಾರು, ಬಸುರಿಯರಿಗೆ ಅದು ಬೇಡ. ಹಲ್ಲಿಗೆ ಮೆಟ್ರೊನಿಡಜೋಲ್ ಕೊಟ್ಟಿದ್ರೆ ಡ್ರಿಂಕ್ಸ್ ಬೇಡ. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋರು ಮೊದ್ಲೇ ಹೇಳಿ. ಹಳೇ ಸ್ಟ್ರಿಪ್ಪಲ್ಲಿ ಉಳಿದಿರೋ ನಾಲ್ಕು ಮಾತ್ರೆ ನುಂಗೋದು, ನೀವಾಗೇ ಮಧ್ಯದಲ್ಲಿ ನಿಲ್ಲಿಸೋದು ಎರಡೂ ಬೇಡ, ಬೇಗ ವಾಸಿ ಆದ್ರೆ ನಿಲ್ಲಿಸ್ಬೋದಾ ಅಂತ ಡಾಕ್ಟರನ್ನೇ ಕೇಳಿ. ಎರಡು ಮೂರು ದಿನಕ್ಕೂ ಏನೂ ಬದಲಾಗ್ಲಿಲ್ಲ ಅಂದ್ರೆ ಮತ್ತೆ ತೋರಿಸಿ. ಮೈಮೇಲೆ ದದ್ದು ಎದ್ರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ.

ಕಣ್ಣಿನ ಸುತ್ತ ಊತ, ಎರಡೆರಡು ಕಾಣೋದು, ಕತ್ತು ಬಿಗಿಯಾಗಿ ವಿಪರೀತ ತಲೆನೋವು, ನಾಲಿಗೆ ಕೆಳಗೆ ಊತ, ಬಾಯಿ ತೆಗೆಯಕ್ಕೆ ನುಂಗಕ್ಕೆ ಆಗ್ದೇ ಇರೋದು, ತುಟಿ ಊದಿ ಉಸಿರು ಕಟ್ಟೋದು, ಇದ್ರಲ್ಲಿ ಒಂದು ಕಂಡ್ರೂ ಬೆಳಗಾಗ್ಲಿ ಅಂತ ಕಾಯದೆ ಎಮರ್ಜೆನ್ಸಿಗೆ ಹೋಗಿ.